ಏಕಾದಶಿಗೆ ಇಡ್ಲಿ ಹಂಚಿದ ನಾಯಕರು

ಬೆಳಗಿನಿಂದ ನಮ್ಮ ಬಿಲ್ಡಿಂಗಿನ ಮೆಟ್ಟಿಲುಗಳ ತುಂಬ ಸಾಬುದಾಣಿ ಖಿಚಡಿಯ ಪರಿಮಳ. ತುಪ್ಪದಲ್ಲಿ ಜೀರಿಗೆ ಸಿಡಿದು, ಹಸಿಮೆಣಸು ಬಿದ್ದು, ಮೇಲೆ ಹುರಿದ ಶೇಂಗಾದ ಪುಡಿ ಸುರಿದಾಗ ಏಳುವ ಆ ವಾಸನೆಗೆ ಲಿಫ್ಟು ಬೇಡ, ತಾನಾಗಿ ನಮ್ಮ ಮಹಡಿಯವರೆಗೆ ಹತ್ತಿ ಬರುತ್ತದೆ. ಇವತ್ತು ಆಷಾಢ ಏಕಾದಶಿ. ನವಿ ಮುಂಬಯಿಯ ನಮ್ಮ ಐರೋಲಿಯಲ್ಲಿ ಈ ದಿನ ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಬಾಗಿಲು ತಟ್ಟಿ ಕೇಳಬೇಕಾಗಿಲ್ಲ. "ಏಕಾದಶಿ, ದುಪ್ಪಟ್ ಖಾಶೀ" ಎಂದು ಎದುರು ಮನೆಯ ಮರಾಠಿ ಅಜ್ಜಿ ತಾವೇ ನಗುತ್ತ ಹೇಳುವುದುಂಟು. ಏಕಾದಶಿಯೆಂದರೆ ಎರಡು ಪಾಲು ತಿನ್ನುವುದು ಅಂತ. ನಮ್ಮದು ಉಡುಪಿ ಕಡೆಯ ಏಕಾದಶಿ, ನೀರೂ ಇಲ್ಲ. ಶಾಸ್ತ್ರ ಬರೆದವರು ಬಾಯಿಯನ್ನು ಕಟ್ಟಿದರು, ಮೂಗನ್ನು ಬಿಟ್ಟರು. ಅಷ್ಟಾದರೂ ದಯೆ ತೋರಿದರಲ್ಲ ಎಂದು ಅಡಿಗೆಮನೆಯ ಕಿಟಕಿ ತೆರೆದಿಟ್ಟು ಕೂತಿದ್ದೇನೆ.

ಈ ವಾಸನೆ ಬಂದರೆ ನನಗೆ ಪಂಢರಪುರದ ವಿಠಲ ನೆನಪಾಗಬೇಕು. ಅವನು ಕ್ಷಮಿಸಲಿ, ನೆನಪಾಗುವುದು ನಮ್ಮ ಮನೆಯವರ ಮೌಲ್ಯಗಳು.

ನಮ್ಮ ಮನೆಯವರು ರಬಾಳೆಯ ಒಂದು ಕಂಪನಿಯಲ್ಲಿ ಮಾರ್ಕೆಟಿಂಗ್ ಹೆಡ್ ಆಗಿದ್ದರು. ಕಂಪನಿ ಮಾಡುತ್ತಿದ್ದದ್ದು ಇಡ್ಲಿ ದೋಸೆಯ ಹಿಟ್ಟು, ಪ್ಯಾಕೆಟ್ಟಿನಲ್ಲಿ. ನಮ್ಮ ಅತ್ತೆಗೆ, ಅಂದರೆ ಅವರ ತಾಯಿಗೆ, ಈ ಕೆಲಸ ಕೊನೆಯವರೆಗೂ ಅರ್ಥವಾಗಲಿಲ್ಲ. "ಹಿಟ್ಟು ಹುಳಿ ಬಂದರೆ ತಾನೇ ಉಕ್ಕುತ್ತದೆ. ಅದಕ್ಕೊಬ್ಬ ಹೆಡ್ ಯಾಕೆ?" ಎಂದು ಕೇಳುತ್ತಿದ್ದರು. ಇವರು ಬ್ರ್ಯಾಂಡು, ಗ್ರಾಹಕ, ವಿಶ್ವಾಸ ಅಂತೆಲ್ಲ ವಿವರಿಸುವರು. ಎಲ್ಲ ಕೇಳಿದ ಮೇಲೆ ಅತ್ತೆ, "ಒಟ್ಟಾರೆ ನೀನು ಅರೆಯುವುದಿಲ್ಲ" ಅನ್ನುವರು.

ಕಂಪನಿಯ ಹಿಟ್ಟು ನಮಗೆ ಪುಕ್ಕಟೆ ಬರುತ್ತಿತ್ತು. ಆದರೆ ಅತ್ತೆ ಇರುವವರೆಗೆ ಅದು ಫ್ರಿಜ್ಜಿನ ಕೆಳಗಿನ ಖಾನೆಯಿಂದ ಮೇಲೆ ಬರಲೇ ಇಲ್ಲ. ಯಾರು ಅರೆದರೋ, ಮಿಂದು ಅರೆದರೋ ಮೀಯದೆ ಅರೆದರೋ! ನಾನು ಗ್ರೈಂಡರಿನಲ್ಲಿ ಅರೆಯುತ್ತಿದ್ದೆ, ನಮ್ಮ ಮಾರ್ಕೆಟಿಂಗ್ ಹೆಡ್ ಅದನ್ನೇ ತಿಂದು, ಹಣೆಗೆ ನಾಮ ಎಳೆದುಕೊಂಡು, ಪ್ಯಾಕೆಟ್ ಹಿಟ್ಟು ಎಷ್ಟು ಶ್ರೇಷ್ಠ ಎಂದು ಜಗತ್ತಿಗೆ ಸಾರಲು ಹೋಗುತ್ತಿದ್ದರು. ಆಫೀಸಿನವರು ಮನೆಗೆ ಬರುತ್ತಾರೆಂದರೆ ಗ್ರೈಂಡರಿಗೆ ಹಳೆಯ ಬೆಡ್‌ಶೀಟು ಹೊದೆಸುವುದು ನನ್ನ ಜವಾಬ್ದಾರಿ. ಒಮ್ಮೆ ಒಬ್ಬರು ಅದನ್ನೇ ಸ್ಟೂಲೆಂದು ಕೂರಲು ಹೋದರು. ದೇವರು ದೊಡ್ಡವನು, ಅಷ್ಟರಲ್ಲಿ ಅವರಿಗೆ ಫೋನು ಬಂತು.

ಸುಳ್ಳು ಹೇಳಬಾರದು, ಇವರು ಕೆಟ್ಟವರಲ್ಲ. ಚಟ ಒಂದೂ ಇಲ್ಲ. ಅತ್ತೆಯ ಕಣ್ಣಿಗೆ ದಿನವೂ ಸಂಜೆ ಹನಿ ಮದ್ದು ಹಾಕುತ್ತಿದ್ದವರು ಅವರೇ, ನಾನಲ್ಲ. ಆದರೆ ಹೆಡ್ ಆದ ಮೇಲೆ ಮನೆಯಲ್ಲೂ ಸ್ವಲ್ಪ ಹೆಡ್ಡಾಗಿಯೇ ಇರುತ್ತಿದ್ದರು. ಭಾನುವಾರ ಚಾ ಹಿಡಿದುಕೊಂಡು, "ಇವತ್ತಿನ ಅಜೆಂಡಾ ಎಂತ?" ಎಂದು ಕೇಳುವುದು. ನಾನು ಉತ್ತರ ಶುರುಮಾಡುವಷ್ಟರಲ್ಲಿ ಪೇಪರು ಬಿಡಿಸುವುದು. ತೆಂಗಿನಕಾಯಿ ಒಡೆಯುವುದನ್ನು ಒಂದು ದಿನ ನನಗೆ ಡೆಲಿಗೇಟ್ ಮಾಡಿದರು. ಅದಕ್ಕೆ ಮೊದಲು ಮೂವತ್ತು ವರ್ಷ ಯಾರು ಒಡೆಯುತ್ತಿದ್ದರು ಎಂದು ನಾನು ಕೇಳಲಿಲ್ಲ. ಕೆಲವು ಪ್ರಶ್ನೆಗಳನ್ನು ಕೇಳದೇ ಇರುವುದರಿಂದ ಮನೆಯಲ್ಲಿ ಗಾಳಿ ಬೆಳಕು ಚೆನ್ನಾಗಿರುತ್ತದೆ.

ನಾಯಕತ್ವ ಎಂದರೆ ಏನೂ ಗೊತ್ತಿಲ್ಲದವಳು ನಾನಲ್ಲ. ನಾನು ಹೋಗುವ ಡೊಂಬಿವಲಿಯ ಭಜನಾ ಮಂಡಳಿಯಲ್ಲಿ ಹೇಳಿಕೊಡುವ ಅಕ್ಕ ಒಬ್ಬರಿದ್ದಾರೆ. ಅವರು ಹೇಳಿದ್ದನ್ನು ನಾವು ಹೇಳಬೇಕು. ಅವರು ಎತ್ತುವ ಶ್ರುತಿ ಎಲ್ಲೋ ಟೆರೇಸಿನ ಟಾಂಕಿಯ ಹತ್ತಿರ. ನಾವೆಲ್ಲ ಕತ್ತು ಉದ್ದ ಮಾಡಿ, ಕಣ್ಣು ಮುಚ್ಚಿ, ಅಲ್ಲಿಗೆ ಏಣಿ ಹಾಕುತ್ತೇವೆ. ನೋಡುವವರು ಭಕ್ತಿ ಅಂದುಕೊಳ್ಳುತ್ತಾರೆ. ಮುಗಿದ ಮೇಲೆ ಅಕ್ಕ, "ಹೇಗೆ ಆಯಿತು? ಹೇಳಿ, ಹೇಳಿ, ನಾನು ಬೇಜಾರು ಮಾಡುವುದಿಲ್ಲ" ಅನ್ನುತ್ತಾರೆ. "ಭಾರೀ ಚಂದ ಆಯಿತು ಅಕ್ಕ" ಎಂದು ನಾವೆಲ್ಲ ಒಂದೇ ಶ್ರುತಿಯಲ್ಲಿ ಹೇಳುತ್ತೇವೆ. ಇಡೀ ಸಂಜೆಯಲ್ಲಿ ನಮ್ಮ ಶ್ರುತಿ ಕೂಡುವುದು ಅದೊಂದು ಸಲ.

ಹೀಗಿರುವಾಗ ಸುಮಾರು ಹತ್ತು ವರ್ಷದ ಹಿಂದೆ ಒಂದು ಇಂಗ್ಲಿಷ್ ವ್ಯಾಪಾರ ಪತ್ರಿಕೆಯವರು ಇವರ ಸಂದರ್ಶನ ಕೇಳಿದರು. ಪ್ರಶ್ನೆಗಳನ್ನು ಮೊದಲೇ ಕಳಿಸಿದ್ದರು: ನಿಮ್ಮ ವೈಯಕ್ತಿಕ ಮೌಲ್ಯಗಳು ಯಾವುವು? ನಾಯಕತ್ವದ ಬಗ್ಗೆ ನಿಮ್ಮ ದೃಷ್ಟಿ ಏನು? ಇವರು ಸೋಫಾದಲ್ಲಿ ಕಾಲು ನೀಡಿ ತುಂಬ ಹೊತ್ತು ಫ್ಯಾನು ನೋಡಿದರು. ಆಮೇಲೆ ನನ್ನನ್ನು ಕರೆದರು.

"ಕೇಳಿತಾ? ನನ್ನ ಮೌಲ್ಯಗಳು ಎಂತದು?"

ನಾನು ಅಕ್ಕಿ ಆರಿಸುತ್ತಿದ್ದೆ. "ಎಲ್ಲಿ ಇಟ್ಟಿದ್ದಿರಿ?" ಅಂದೆ.

"ತಮಾಷೆ ಬೇಡ ಮಾರಾಯ್ತಿ. ಪ್ರಿಂಟ್ ಆಗುವ ವಿಷಯ."

"ಹಾಗಾದರೆ ಚಾ ಕುಡಿದ ಲೋಟ ಸಿಂಕಿಗೆ ಹಾಕುವುದು ಅಂತ ಬರೆಯಿರಿ. ಪ್ರಿಂಟ್ ಆದ ಮೇಲಾದರೂ ಹಾಕಬೇಕಾಗುತ್ತದೆ."

ಅವರು ಲೋಟವನ್ನೊಮ್ಮೆ ನೋಡಿದರು. ಅದು ಸೋಫಾದ ಕೈಮೇಲೆಯೇ ಇತ್ತು. ಆಮೇಲೆ ಫೋನೆತ್ತಿ ಪ್ರಾಜಕ್ತಾಗೆ ಮಾಡಿದರು.

ಪ್ರಾಜಕ್ತಾ ಇವರ ಕೈಕೆಳಗೆ ಹೊಸದಾಗಿ ಸೇರಿದ ಹುಡುಗಿ. ಕಲ್ಯಾಣದವಳು. ಬೆಳಗ್ಗೆ ಕಲ್ಯಾಣದಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ರಬಾಳೆ. ಅಷ್ಟು ನೂಕುನುಗ್ಗಲಿನಲ್ಲಿ ಬಂದರೂ ಕಿವಿಯ ಹಿಂದಿನ ಮಲ್ಲಿಗೆ ಮೊಗ್ಗು ಬಾಡದಿರುತ್ತಿದ್ದದ್ದು ನನಗೆ ದೊಡ್ಡ ಸೋಜಿಗ. ಕೆಲಸ ಇನ್ನೂ ಪಕ್ಕಾ ಆಗಿರಲಿಲ್ಲ. ಪಕ್ಕಾ ಆಗದಿದ್ದರೆ ಸಾತಾರಾ ಕಡೆ ನೋಡಿಟ್ಟ ಒಬ್ಬ ಹುಡುಗನಿಗೆ ಮದುವೆ ಮಾಡಿಬಿಡುವುದೆಂದು ಅವಳ ಅಪ್ಪ ತೀರ್ಮಾನಿಸಿದ್ದರು. "ಹುಡುಗ ಒಳ್ಳೆಯವನೇ ಕಾಕೂ, ಆದರೆ ಅವನು ನನ್ನನ್ನು ಏನೂ ಕೇಳಲೇ ಇಲ್ಲ. ನಾನು ಏನು ಓದಿದ್ದೇನೆ ಅಂತ ತನ್ನ ತಾಯಿಯನ್ನು ಕೇಳಿದ" ಎಂದು ನನ್ನ ಹತ್ತಿರ ಹೇಳಿದ್ದಳು. ನನ್ನನ್ನು ಕಾಕೂ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದಳು. ನಮ್ಮಿಬ್ಬರ ಮಾತು ಮರಾಠಿ ಹಿಂದಿ ಎರಡನ್ನೂ ಕಲಸಿ ನಡೆಯುತ್ತಿತ್ತು. ನಡುವೆ ನನ್ನ ತುಳುವೂ ಬಂದುಬಿಡುತ್ತಿತ್ತು, ಅವಳು ಅದನ್ನೂ ಅರ್ಥಮಾಡಿಕೊಂಡವಳಂತೆ ತಲೆಯಾಡಿಸುತ್ತಿದ್ದಳು.

ಅವಳು ಲ್ಯಾಪ್‌ಟಾಪು ಹಿಡಿದುಕೊಂಡು ಭಾನುವಾರ ಬಂದಳು. ಗ್ರೈಂಡರಿಗೆ ಬೆಡ್‌ಶೀಟು ಹೊದೆಸಿದೆ. ಇವರು ಸೋಫಾದಲ್ಲಿ, ಅವಳು ನೆಲದಲ್ಲಿ.

"ಸರ್, ತಪ್ಪಾದಾಗ ನೀವು ಹೇಗೆ ನಿಭಾಯಿಸುತ್ತೀರಿ ಅಂತ ಕೇಳಿದ್ದಾರೆ. ಒಂದು ಉದಾಹರಣೆ?"

ಇವರು ಯೋಚಿಸಿದರು. "ತಪ್ಪು ಅಂತ ಎಂತದೂ ಆಗಿಲ್ಲವಲ್ಲ. ನೀನೇ ಏನಾದರೂ ಚಂದ ಮಾಡಿ ಹಾಕು."

ಅವಳು ಹಾಕಿದಳು. ಟೈಪು ಮಾಡುತ್ತ ಗಟ್ಟಿಯಾಗಿ ಓದಿ ಹೇಳಿದಳು: "ತಂಡ ಗೆದ್ದರೆ ಹೆಸರು ತಂಡಕ್ಕೆ. ಸೋತರೆ ಹೊಣೆ ನನಗೆ." ಇವರು "ವಾ!" ಅಂದರು. "ಕೋಣೆಯಲ್ಲಿ ಎಲ್ಲರಿಗಿಂತ ಚಿಕ್ಕವರ ಮಾತನ್ನು ನಾನು ಮೊದಲು ಕೇಳುತ್ತೇನೆ." ಇವರು ಮತ್ತೆ "ವಾ, ಬರೆ, ಬರೆ" ಅಂದು, ಅವಳು ಇನ್ನೇನೋ ಹೇಳಲು ಬಾಯಿ ತೆರೆಯುವಾಗ ಫೋನು ಬಂತೆಂದು ಬಾಲ್ಕನಿಗೆ ಎದ್ದುಹೋದರು. ಹುಡುಗಿ ನನ್ನ ಕಡೆ ನೋಡಿ ಸುಮ್ಮನೆ ನಕ್ಕಳು. ಹೀಗೆ ನಮ್ಮ ಮನೆಯವರಿಗೆ ಒಂದೇ ಮಧ್ಯಾಹ್ನದಲ್ಲಿ ಅಷ್ಟೂ ಮೌಲ್ಯಗಳು ತಯಾರಾದವು. ನಾನು ಅವಲಕ್ಕಿ ಕೊಟ್ಟೆ.

ಅದಾಗಿ ಸ್ವಲ್ಪ ದಿನದಲ್ಲಿ ಇವರಿಗೊಂದು ಐಡಿಯಾ ಬಂತು. ಆಷಾಢದಲ್ಲಿ ನಮ್ಮ ಈ ನವಿ ಮುಂಬಯಿಯಲ್ಲೂ ತಾಳ ತಂಬೂರಿ ಹಿಡಿದು, ತಲೆಯ ಮೇಲೆ ತುಳಸಿಕಟ್ಟೆ ಹೊತ್ತು, ವಿಠಲನ ಗುಡಿಗೆ ನಡೆದುಹೋಗುವ ಜನ ಇದ್ದಾರಲ್ಲ, ಆ ವಾರಕರಿಗಳಿಗೆ ದಾರಿಯಲ್ಲಿ ಕಂಪನಿಯ ಹಿಟ್ಟಿನ ಬಿಸಿಬಿಸಿ ಇಡ್ಲಿ ಹಂಚುವುದು. ಪುಣ್ಯವೂ ಆಯಿತು, ಪ್ರಚಾರವೂ ಆಯಿತು. ದಶಮಿಯ ದಿನ ಎಂದು ನಿಶ್ಚಯವಾಗಿತ್ತು, ಅಲ್ಲಿಯವರೆಗೆ ಎಲ್ಲ ಸರಿಯೇ. ಆದರೆ ಆ ದಿನ ಫೋಟೋ ತೆಗೆಯುವವನಿಗೆ ಬೇರೆ ಎಲ್ಲೋ ನಾಮಕರಣ ಇತ್ತಂತೆ. ಇವರು ಕಾರ್ಯಕ್ರಮವನ್ನು ಮರುದಿನಕ್ಕೆ ಹಾಕಿದರು. ದಶಮಿಯ ಮರುದಿನ ಎಂತ ಬರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅಕ್ಕಿಯ ಒಂದು ಕಾಳೂ ಬಾಯಿಗೆ ಹೋಗಬಾರದ ದಿನ.

ಪ್ರಾಜಕ್ತಾ ನನಗೆ ಫೋನು ಮಾಡಿದಳು. "ಕಾಕೂ, ನಿಮ್ಮವರಲ್ಲಿ ಏಕಾದಶಿಗೆ ಇಡ್ಲಿ ಚಾಲತೇ ಕಾ, ನಡೆಯುತ್ತದಾ?"

"ಅಯ್ಯೋ, ಅಜಿಬಾತ್ ನಾಹೀ!" ಅಂದೆ. "ಅನ್ನ, ಅವಲಕ್ಕಿ, ಇಡ್ಲಿ, ಯಾವುದೂ ಇಲ್ಲ. ಯಾಕೆ?"

"ನಮ್ಮವರಲ್ಲೂ ಇಲ್ಲ. ನಾನು ಸರ್‌ಗೆ ಮೀಟಿಂಗಿನಲ್ಲಿ ಹೇಳಿದೆ. ಅವರು, ನೆಗೆಟಿವ್ ಆಗಿ ಯೋಚಿಸಬೇಡ ಅಂದರು. ಸೌತ್‌ನಲ್ಲಿ ಬೇರೆ ಇರಬಹುದು ಅಂತ ಕೇಳಿದೆ ಅಷ್ಟೆ."

ರಾತ್ರಿ ಬಡಿಸುವಾಗ ನಾನೂ ಹೇಳಿದೆ. ಇವರು ಸಾರು ಸುರಿದುಕೊಳ್ಳುತ್ತ, "ಒಂದು ದಿನ ಆಚೆ ಈಚೆ ಆದರೆ ಎಂತ ಆಗುತ್ತದೆ? ಇಡ್ಲಿ ಹಬೆಯಲ್ಲಿ ಬೆಂದದ್ದು. ಎಣ್ಣೆ ಇಲ್ಲ. ಉಪವಾಸಕ್ಕೆ ಹಗುರ" ಅಂದರು. ಹುಟ್ಟಿದಾಗಿನಿಂದ ತಾಯಿಯ ನಿರ್ಜಲ ಏಕಾದಶಿ ನೋಡಿದ ಮಗ! ಅಷ್ಟು ವರ್ಷ ನೋಡಿದ್ದನ್ನು ಒಂದು ಮೀಟಿಂಗು ಅಳಿಸಿಬಿಟ್ಟಿತಲ್ಲ ಎಂದು ನನಗೆ ಮಂಡೆಬಿಸಿಯಾಯಿತು.

"ಪಂಚಾಂಗ ನೋಡಿ," ಅಂದೆ.

"ನೀನು ಪಂಚಾಂಗ ನೋಡು. ನಾನು ಮಾರ್ಕೆಟ್ ನೋಡುತ್ತೇನೆ," ಅಂದರು.

ಏಕಾದಶಿ ಬಂತು. ಬೆಳಗ್ಗೆ ಇವರು ಕೇಸರಿ ಫೇಟಾ ಸುತ್ತಿಸಿಕೊಂಡು ಹೋದರು. ಮಧ್ಯಾಹ್ನಕ್ಕೆ ಮೊದಲೇ ನಮ್ಮ ಸೊಸೈಟಿಯ ವಾಟ್ಸಾಪಿನಲ್ಲಿ ಫೋಟೋ ಬಂತು. ಫೋಟೋದವನು ಪಾಪ ಒಳ್ಳೆಯ ಕೆಲಸಗಾರ, ಎಲ್ಲವೂ ಸ್ಪಷ್ಟವಾಗಿತ್ತು. ಹಬೆಯಾಡುವ ಇಡ್ಲಿಯ ರಾಶಿ. ಅದರ ಹಿಂದೆ ಹಲ್ಲು ಬಿಟ್ಟುಕೊಂಡು ಇವರು. ಎದುರಿಗೆ ಬಿಳಿ ಟೋಪಿಯ ಒಬ್ಬ ಮುದುಕ, ಹೆಂಡತಿಯ ಜೊತೆ, ಎರಡೂ ಕೈ ಜೋಡಿಸಿ ಬೇಡ ಎನ್ನುತ್ತಿದ್ದಾನೆ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಮದುವೆಮನೆಯಲ್ಲಿ ಯಾರೋ ತಪ್ಪು ಎಲೆಗೆ ಬಡಿಸಲು ಬಂದಾಗ ಸಂಕೋಚಪಡುತ್ತೇವಲ್ಲ, ಅಂಥ ಮುಖ. ಅದಕ್ಕೇ ಇರಬೇಕು, ಎಲ್ಲರಿಗೂ ಅಷ್ಟು ನಗು ಬಂದದ್ದು. "ಉಪವಾಸ ಮುರಿಯಬೇಕೆ? ಸಂಪರ್ಕಿಸಿ" ಎಂದು ಯಾರೋ ಕೆಳಗೆ ಬರೆದಿದ್ದರು. ಎದುರು ಮನೆಯ ಅಜ್ಜಿ ಆ ದಿನ ನನ್ನನ್ನು ಕಂಡು ಏನೂ ಕೇಳಲಿಲ್ಲ. ಅದಕ್ಕಿಂತ ಕೇಳಿದ್ದರೆ ಒಳ್ಳೆಯದಿತ್ತು. ಮಗಳು ಕಾಲೇಜಿನಿಂದ ಬಂದವಳೇ, "ಮಮ್ಮಿ, ಪಪ್ಪಾ ತೋ ವೈರಲ್ ಹೋ ಗಯೇ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅತ್ತೆ ಉಪವಾಸದಲ್ಲಿ ಮಲಗಿದ್ದರು. ಅವರಿಗೆ ನಾವು ಯಾರೂ ತೋರಿಸಲಿಲ್ಲ.

ಸಂಜೆ ಇವರು ಫೇಟಾ ಬ್ಯಾಗಿನಲ್ಲಿ ಹಾಕಿಕೊಂಡು ಬಂದರು. ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಮಾತಾಡಿದ್ದು ನನಗೆ ಕೇಳಿತು; ಒಣಗಿದ ಬಟ್ಟೆ ತೆಗೆಯುವ ಕೆಲಸ ನನಗೆ ಅಲ್ಲೇ ಇತ್ತು. "ಹೌದು ಸರ್, ಜೂನಿಯರ್ ಲೆವೆಲಿನಲ್ಲಿ ಕೋಆರ್ಡಿನೇಶನ್ ಸರಿಯಾಗಲಿಲ್ಲ. ಆ ಹುಡುಗಿ ಪ್ರೊಬೇಶನ್ನಿನಲ್ಲಿದ್ದಾಳೆ. ನಾಳೆ ನೋಡುತ್ತೇನೆ."

ಫೋನು ಇಟ್ಟ ಮೇಲೆ ಕೇಳಿದೆ, "ಅವಳು ಹೇಳಿದ್ದಳಲ್ಲ?"

"ಹೇಳಿದ್ದಳು. ಆದರೆ ಗಟ್ಟಿಯಾಗಿ ಹೇಳಲಿಲ್ಲ."

"ಗಟ್ಟಿಯಾಗಿ ಅಂದರೆ?"

"ದೊಡ್ಡವರ ಎದುರು ದೃಢವಾಗಿ ನಿಂತು ಹೇಳಬೇಕು. ಅದೇ ಲೀಡರ್‌ಶಿಪ್. ಅವಳಲ್ಲಿ ಅದು ಕಡಿಮೆ."

ನಾನು ಬಟ್ಟೆ ಮಡಚಿದೆ. ನನಗೆ ಡೊಂಬಿವಲಿಯ ಅಕ್ಕ ನೆನಪಾದರು. ಸಾತಾರಾದ ಹುಡುಗನೂ ನೆನಪಾದ. ಅವನು ತಾಯಿಯನ್ನು ಕೇಳಿದನಂತೆ. ಇವರು ಯಾರನ್ನೂ ಕೇಳಲಿಲ್ಲ. ನೀರೂ ಕುಡಿಯದ ಹೊಟ್ಟೆ, ಜಗಳಕ್ಕೆ ಬಲವಿರಲಿಲ್ಲ. ದೇವರ ಮುಂದೆ ದೀಪ ಹಚ್ಚಿ, "ಆ ಹುಡುಗಿಯನ್ನು ನೀನೇ ನೋಡಿಕೋ" ಎಂದು ಅವನಿಗೆ ಡೆಲಿಗೇಟ್ ಮಾಡಿದೆ.

ಅವನು ಹೇಗೆ ನೋಡಿಕೊಂಡ ಕೇಳಿ.

ದ್ವಾದಶಿಯ ಪಾರಣೆ ನಮ್ಮಲ್ಲಿ ಬೆಳಗ್ಗೆ ಬೇಗ. ಚಾತುರ್ಮಾಸ್ಯ ಶುರುವಾದ್ದರಿಂದ ತರಕಾರಿ ಇಲ್ಲ. ಹೆಸರುಬೇಳೆಯ ತೊವ್ವೆ, ಕಾಳುಮೆಣಸಿನ ಸಾರು, ಮಾವಿನಹಣ್ಣಿನ ರಸಾಯನ. ಅತ್ತೆಯೂ ಮಗನೂ ಅಡಿಗೆಮನೆಯ ನೆಲದಲ್ಲಿ ಎದುರುಬದುರು ಬಾಳೆ ಎಲೆ ಹಾಕಿಕೊಂಡು ಕೂರುವುದು. ನಮ್ಮ ಮನೆಯಲ್ಲಿ ಒಂದು ಕಟ್ಟುನಿಟ್ಟು: ಒಟ್ಟಿಗೆ ಊಟಕ್ಕೆ ಕೂತ ಮೇಲೆ ಹಿರಿಯರು ಏಳದೆ ಕಿರಿಯರು ಏಳುವಂತಿಲ್ಲ. ಲೋಕ ಮುಳುಗಲಿ, ಆಫೀಸಿನ ಕಾರು ಕೆಳಗೆ ಹಾರನ್ ಹೊಡೆಯಲಿ, ಎಲೆಯ ಮುಂದೆ ಕೂತಿರಬೇಕು. ಅತ್ತೆಗೆ ಹಲ್ಲಿರಲಿಲ್ಲ. ಒಂದೊಂದು ತುತ್ತನ್ನೂ ಅವರು ಬಾಯಿಯೊಳಗೆ ಪ್ರದಕ್ಷಿಣೆ ಹಾಕಿಸಿ, ತೃಪ್ತಿಯಾದ ಮೇಲೇ ಕೆಳಗೆ ಬಿಡುತ್ತಿದ್ದರು.

ಬಡಿಸುತ್ತಿರುವಾಗ ಮಗಳು ಕಣ್ಣುಜ್ಜಿಕೊಂಡು ಬಂದಳು, ಕೈಯಲ್ಲಿ ಒಂದು ಲಕೋಟೆ. ಹಿಂದಿನ ದಿನ ವಾಚ್‌ಮನ್ ತಂದಿಟ್ಟದ್ದನ್ನು ಯಾರೂ ಬಿಡಿಸಿರಲಿಲ್ಲ. ಹರಿದರೆ ಆ ಇಂಗ್ಲಿಷ್ ಪತ್ರಿಕೆ. ನಡುವಿನ ಪುಟದಲ್ಲಿ ಕೈಕಟ್ಟಿ ನಿಂತ ಇವರ ದೊಡ್ಡ ಫೋಟೋ.

"ಯಾರದು, ನಮ್ಮವನಾ?" ಅತ್ತೆ ಕಣ್ಣು ಕಿರಿದು ಮಾಡಿದರು. "ಎಂತ ಬರೆದಿದ್ದಾರೆ? ಓದಿ ಹೇಳು."

"ಆಮೇಲೆ ಓದಿದರಾಯಿತು ಅಮ್ಮ," ಅಂದರು ಇವರು ತಲೆ ಎತ್ತದೆ.

"ಆಮೇಲೆ ಯಾಕೆ? ಊಟ ಮಾಡುವಾಗ ಒಳ್ಳೆಯ ಮಾತು ಕೇಳಬೇಕು."

ನಾನು ಮಡಿಯಲ್ಲಿದ್ದೆ, ಪುಸ್ತಕ ಮುಟ್ಟುವಂತಿಲ್ಲ. ಮಗಳು ದೂರ ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ಒಂದೊಂದು ಸಾಲು ಓದುವುದು, ನಾನು ಸೌಟು ಹಿಡಿದುಕೊಂಡು ತುಳುವಿಗೆ ಹಾಕುವುದು. ಹೀಗೆ ಶುರುವಾಯಿತು.

"ಕೋಣೆಯಲ್ಲಿ ಎಲ್ಲರಿಗಿಂತ ಚಿಕ್ಕವರ ಮಾತನ್ನು ಇವರು ಮೊದಲು ಕೇಳುತ್ತಾರಂತೆ," ಅಂದೆ.

"ಹೌದಾ ಮಗ?" ಅತ್ತೆಗೆ ಆಶ್ಚರ್ಯ. "ಒಳ್ಳೆಯದು. ನಿನ್ನ ಅಪ್ಪನಿಗೆ ಈ ಬುದ್ಧಿ ಇರಲಿಲ್ಲ."

ಇವರು ತೊವ್ವೆಯಲ್ಲಿ ಬೆರಳಾಡಿಸಿದರು.

"ತಂಡ ಗೆದ್ದರೆ ಹೆಸರು ತಂಡಕ್ಕೆ. ಸೋತರೆ ಹೊಣೆ ಇವರದ್ದೇ ಅಂತೆ."

"ಎಂತ? ಕೇಳಲಿಲ್ಲ."

ಅತ್ತೆಗೆ ಕಿವಿ ಮಂದ. ಇನ್ನೊಮ್ಮೆ ಹೇಳಿದೆ. ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಗಟ್ಟಿಯಾಗಿ ಹೇಳಬೇಕು ಎಂದು ಹಿಂದಿನ ದಿನವೇ ನನಗೆ ಪಾಠವಾಗಿತ್ತಲ್ಲ. ದೇವರಾಣೆಗೂ ನಾನು ಒಂದಕ್ಷರ ಸೇರಿಸಲಿಲ್ಲ, ಬಿಡಲಿಲ್ಲ.

ಅತ್ತೆ ತುತ್ತು ನಿಲ್ಲಿಸಿ ಮಗನನ್ನೇ ನೋಡಿದರು. ಅವರ ಕಣ್ಣು ತುಂಬಿತ್ತು. "ಇದನ್ನೆಲ್ಲ ಇಂಗ್ಲಿಷಿನಲ್ಲಿ ನೀನೇ ಬರೆದದ್ದಾ?"

ಇವರು ಆಗ ಸುಳ್ಳು ಹೇಳಬಹುದಿತ್ತು. ಬಾಯಲ್ಲಿ ಅನ್ನವಿತ್ತೋ, ದ್ವಾದಶಿಯ ಭಯವಿತ್ತೋ, "ಅಲ್ಲ. ಆಫೀಸಿನ ಒಂದು ಹುಡುಗಿ ಬರೆದದ್ದು" ಅಂದರು.

"ಮೊನ್ನೆ ಅವಲಕ್ಕಿ ತಿಂದು ಹೋದಳಲ್ಲ, ಆ ಮೊಗ್ಗು ಮುಡಿದ ಹುಡುಗಿಯಾ? ಪಾಪ. ಅವಳಿಗೆ ನಿನ್ನ ಮೇಲೆ ಎಷ್ಟು ವಿಶ್ವಾಸ ನೋಡು," ಅಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, "ಸ್ವಲ್ಪ ರಸಾಯನ ಹಾಕು. ಅವಸರ ಇಲ್ಲ" ಅಂದರು.

ಇವರ ಎಲೆ ಯಾವಾಗಲೋ ಖಾಲಿಯಾಗಿತ್ತು. ಕೈ ಒಣಗಿತ್ತು. ಕೆಳಗೆ ಕಾರು ಹಾರನ್ ಹೊಡೆಯಿತು. ಅತ್ತೆ ರಸಾಯನವನ್ನು ಬೆರಳಿನಿಂದ ಮೆಲ್ಲಗೆ ಎಳೆದುಕೊಂಡರು. ಮಗಳು ಓದುವುದನ್ನು ನಿಲ್ಲಿಸಿ ಅಪ್ಪನನ್ನೇ ನೋಡುತ್ತಿದ್ದಳು. ನಾನು ಇವರ ಮುಖ ನೋಡಲಿಲ್ಲ. ನೋಡಿದ್ದರೆ ನನಗೆ ಕನಿಕರ ಬಂದುಬಿಡುತ್ತಿತ್ತು, ಕನಿಕರ ಬಂದರೆ ಆ ಹುಡುಗಿ ಸಾತಾರಾಕ್ಕೆ ಹೋಗುತ್ತಿದ್ದಳು.

ಅತ್ತೆಗೆ ನಿಜವಾಗಿಯೂ ಏನೂ ಗೊತ್ತಿರಲಿಲ್ಲವೇ? ಆ ಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಬಾಲ್ಕನಿಯ ಪಕ್ಕದ್ದೇ ಅವರ ಕೋಣೆ. ಮಂದ ಕಿವಿ ಕೆಲವು ಮಾತಿಗೆ ಮಾತ್ರ ಮಂದ ಎಂಬ ಅನುಭವ ನನಗೆ ಸೊಸೆಯಾಗಿ ಬಂದ ಲಾಗಾಯ್ತು ಇತ್ತು. ಅತ್ತೆ ಕೈ ತೊಳೆದವರೇ ಉಡುಪಿಯಲ್ಲಿರುವ ತಮ್ಮನಿಗೆ ಫೋನು ಹಚ್ಚಿಸಿ, ಸೋತರೆ ಹೊಣೆ ತನ್ನದೇ ಅನ್ನುವ ಮಗನ ಸುದ್ದಿ ಹೇಳಿದರು. ಲಿಫ್ಟಿಗೆ ಕಾಯುತ್ತಿದ್ದ ಇವರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

ಸಂಜೆ ಫೋನು ಬಂದದ್ದು ಪ್ರಾಜಕ್ತಾಳದ್ದು. ಅಳುತ್ತಿದ್ದಳು. ನನ್ನ ಜೀವ ಹಾರಿಹೋಯಿತು. "ಕಾಕೂ, ಸರ್ ಡೈರೆಕ್ಟರ್ ಹತ್ತಿರ ಹೋಗಿ, ತಪ್ಪು ನನ್ನದು ಅಂದರಂತೆ. ನನ್ನ ಕೆಲಸ ಪಕ್ಕಾ ಮಾಡಲು ಹೇಳಿದರಂತೆ." ನಾನು ದೇವರ ಕೋಣೆಯ ಕಡೆ ಕೈ ಮುಗಿದೆ, ಫೋನು ಕೆಳಗೆ ಬಿತ್ತು. ಒಡೆಯಲಿಲ್ಲ. ಅದೂ ಅವನದ್ದೇ ದಯೆ.

ಆದರೆ ಜಗತ್ತು ಹೇಗಿದೆ ನೋಡಿ. ತಪ್ಪೊಪ್ಪಿಕೊಂಡದ್ದಕ್ಕೆ ಡೈರೆಕ್ಟರು ಇವರ ಬೆನ್ನು ತಟ್ಟಿದರಂತೆ. ಹೆದರಿದ್ದ ಪ್ರಳಯ ಆಗಲೇ ಇಲ್ಲ. ಬದಲಿಗೆ, ಸೋಲನ್ನು ಒಪ್ಪಿಕೊಳ್ಳುವ ನಾಯಕತ್ವದ ಬಗ್ಗೆ ವಾಶಿಯ ಒಂದು ಸಭಾಂಗಣದಲ್ಲಿ ಭಾಷಣಕ್ಕೆ ಕರೆದರು. ಏಕಾದಶಿಗೆ ಇಡ್ಲಿ ಹಂಚದ ಯಾರನ್ನೂ ಕರೆಯಲಿಲ್ಲ. ಭಾಷಣ ಬರೆದುಕೊಟ್ಟವರು ಯಾರು ಎಂದು ನೀವೇ ಊಹಿಸಿ.

ನಾನು ಒಳ್ಳೆಯ ಸೀರೆ ಉಟ್ಟು ಹೋಗಿದ್ದೆ. ಪ್ರಾಜಕ್ತಾ ನನ್ನ ಪಕ್ಕದಲ್ಲಿ ಕೂತಿದ್ದಳು. ಇವರು ವೇದಿಕೆಯ ಮೇಲೆ ಕಾಗದ ನೋಡಿಕೊಂಡು ಮಾತಾಡುತ್ತಿದ್ದರೆ ಇವಳ ತುಟಿಯೂ ಮೆಲ್ಲಗೆ ಆಡುತ್ತಿತ್ತು. ಭಜನೆಯಲ್ಲಿ ಬಾಯಿಪಾಠ ಬರುವವರ ತುಟಿ ಆಡುವ ಹಾಗೆ. "ನಮ್ಮ ತಂಡದಲ್ಲಿ ಸಂವಹನದ ಒಂದು ಕೊರತೆಯಾಯಿತು," ಎಂದು ಇವರು, "ಕೊರತೆಯಾಯಿತು," ಎಂದು ಇವಳ ತುಟಿ. ಹುಡುಗಿ ತನ್ನ ಪಾಲಿನ ಸತ್ಯವನ್ನು ಎಷ್ಟು ಮರ್ಯಾದೆಯಿಂದ ಮಡಚಿ ಒಳಗಿಟ್ಟಿದ್ದಾಳೆ ಎಂದು ನಾನು ಯೋಚಿಸುವಷ್ಟರಲ್ಲಿ ಇವರು ಓದುವುದನ್ನು ನಿಲ್ಲಿಸಿದರು. ಕಾಗದ ನೋಡಿದರು. ಕನ್ನಡಕ ತೆಗೆದರು.

"ಕೊರತೆ ಏನೂ ಆಗಿರಲಿಲ್ಲ," ಅಂದರು. "ನಮ್ಮ ತಂಡದ ಹುಡುಗಿ ನನಗೆ ಸ್ಪಷ್ಟವಾಗಿ ಹೇಳಿದ್ದಳು. ನಾನು ಕೇಳಲಿಲ್ಲ."

ಪಕ್ಕದಲ್ಲಿ ತುಟಿ ನಿಂತುಹೋಯಿತು.

ಇವರು ಮತ್ತೆ ಕನ್ನಡಕ ಹಾಕಿಕೊಂಡರು. ಕಾಗದದಲ್ಲಿ ಎಲ್ಲಿದ್ದೇನೆಂದು ಸಿಗದೆ, ನೀರು ಕುಡಿದು, ಮೇಲೆ ಕೆಳಗೆ ಹುಡುಕಿದರು. "ಕಾಕೂ, ಅದು ನಾನು ಬರೆದದ್ದಲ್ಲ," ಎಂದು ಪ್ರಾಜಕ್ತಾ ಪಿಸುಗುಟ್ಟಿದಳು. ಗೊತ್ತು ಎಂದು ನಾನು ಅವಳ ಕೈ ಹಿಡಿದುಕೊಂಡೆ. ನನ್ನ ಗಂಡನ ಮೌಲ್ಯಗಳಲ್ಲಿ ಅವರದ್ದೇ ಅಂತ ನಾನು ಕಣ್ಣಾರೆ ಕಂಡದ್ದು ಆ ಮೂರು ವಾಕ್ಯ. ಸಾಕು ಮಾರಾಯ್ರೇ, ಎಷ್ಟು ಜನಕ್ಕೆ ಅಷ್ಟೂ ಇರುವುದಿಲ್ಲ.

ಮುಂದಿನ ಸೋಮವಾರದಿಂದ ಇವರು ಯಥಾಪ್ರಕಾರ ಎಲ್ಲರ ಮಾತಿನ ನಡುವೆ ಬಾಯಿ ಹಾಕಲು ಶುರುಮಾಡಿದರು. ಅದನ್ನೂ ಹೇಳದಿದ್ದರೆ ಲೆಕ್ಕ ಸರಿಯಾಗುವುದಿಲ್ಲ.

ಅತ್ತೆ ಈಗ ಇಲ್ಲ. ಇವರು ನಿವೃತ್ತರು. ಪ್ರಾಜಕ್ತಾ ತನಗೆ ಬೇಕಾದವನನ್ನು, ತನಗೆ ಬೇಕಾದಾಗ ಮದುವೆಯಾದಳು. ಈಗ ಬೇರೊಂದು ಕಂಪನಿಯಲ್ಲಿ ಅವಳೇ ಮಾರ್ಕೆಟಿಂಗ್ ಹೆಡ್. ಪ್ರತಿ ಆಷಾಢ ಏಕಾದಶಿಗೆ ತ‌ಪ್ಪದೆ ಫೋನು ಮಾಡುತ್ತಾಳೆ. ಇದನ್ನು ಬರೆಯುತ್ತಿರುವಾಗಲೇ ಮಾಡಿದಳು.

"ಕಾಕೂ, ನನ್ನ ಸಂದರ್ಶನ ಬರುತ್ತಿದೆ. ನಮ್ಮ ಆಫೀಸಿನ ಹೊಸ ಹುಡುಗಿ ಉತ್ತರ ಬರೆದುಕೊಟ್ಟಿದ್ದಾಳೆ."

"ಒಹೋ! ನಿನಗೂ ಮೌಲ್ಯಗಳು ಬಂದವಾ?"

ಅವಳು ನಗಲಿಲ್ಲ. "ನನ್ನ ಹತ್ತಿರ ಬರಲು ಯಾರಿಗೂ ಹೆದರಿಕೆ ಇಲ್ಲ ಅಂತ ಬರೆದಿದ್ದಾಳೆ. ಓದಿ ನಾಚಿಕೆಯಾಯಿತು. ಅದನ್ನು ಅವಳು ನನ್ನ ಕೈಗೆ ಕೊಡಲೇ ಇಲ್ಲ, ನಾನು ಊಟಕ್ಕೆ ಎದ್ದಾಗ ಮೇಜಿನ ಮೇಲೆ ಇಟ್ಟು ಹೋಗಿದ್ದಳು. ಆ ಸಾಲು ತೆಗೆದುಬಿಡಲಾ?"

ಹಿಂದೆ ಆಗಿದ್ದರೆ ನಾನು ಹೌದು ಮಗಳೇ, ಸುಳ್ಳು ಯಾಕೆ, ತೆಗೆ ಅನ್ನುತ್ತಿದ್ದೆ. ಈಗ ನನಗೆ ಹಾಗೆ ಅನ್ನಿಸಲಿಲ್ಲ.

"ತೆಗೆಯಬೇಡ," ಅಂದೆ. "ಅಚ್ಚಾಗಲಿ. ಮನೆಯಲ್ಲಿ ಯಾರಿದ್ದಾರೆ?"

"ಆಯೀ ಬಂದಿದ್ದಾಳೆ. ಆದರೆ ಅವಳಿಗೆ ಇಂಗ್ಲಿಷ್ ಬರುವುದಿಲ್ಲವಲ್ಲ ಕಾಕೂ."

"ಮತ್ತೂ ಒಳ್ಳೆಯದು," ಅಂದೆ. "ಹಾಗಾದರೆ ಅಮ್ಮನಿಗೆ ನೀನೇ ಓದಿ ಹೇಳಬೇಕಾಗುತ್ತದೆ."